ಕುತ್ತಿಗೆಯ ಪೈಪು, ತೋಳಿನ ದಾರ

ನಮ್ಮ ಯಜಮಾನರು ಆನವಟ್ಟಿಯಲ್ಲಿ ಪಂಪ್‌ಸೆಟ್ ರಿಪೇರಿ ಮಾಡುತ್ತಿದ್ದರು. ಕಿಡ್ನಿ ಎರಡೂ ಕೈಕೊಟ್ಟ ಮೇಲೆ ದಿನ ಬಿಟ್ಟು ದಿನ ಡಯಾಲಿಸಿಸ್‌ಗೆಂದು ಶಿಕಾರಿಪುರದ ಬಸ್ಸು ಹತ್ತುವುದೇ ನಮ್ಮಿಬ್ಬರ ಕೆಲಸವಾಯಿತು. ಅದಕ್ಕಾಗಿ ಅವರ ಕುತ್ತಿಗೆಯ ದೊಡ್ಡ ನರಕ್ಕೆ ಪೈಪು ಇಳಿಸಿ ಚರ್ಮಕ್ಕೆ ಹೊಲಿದಿದ್ದರು. ಅದು ತಾತ್ಕಾಲಿಕ. ಎಡಗೈಯ ರಕ್ತನಾಳಗಳನ್ನು ಕೂಡಿಸಿ ಫಿಸ್ಟುಲಾ ಮಾಡಿದ್ದರು. ಅದು ಬಲಿತರೆ ಅಲ್ಲಿಗೇ ಸೂಜಿ ಹಾಕಬಹುದು, ಪೈಪು ತೆಗೆಯಬಹುದು. ನಾವು ಕಾಯುತ್ತಿದ್ದದ್ದು ಅದೊಂದಕ್ಕೆ. ಕೈಮೇಲೆ ಬೆರಳಿಟ್ಟರೆ ಒಳಗೆ ಗುರುಗುರು ಎನ್ನುತ್ತಿತ್ತು. "ಮೋಟ್ರು ಓಡ್ತಾ ಐತೆ ನೋಡು" ಎನ್ನುತ್ತಿದ್ದರು.

ಅವರ ಕೊರಳಲ್ಲಿ ಇಷ್ಟಲಿಂಗವಿತ್ತು. ಅದರ ದಾರ ಪೈಪಿನ ಹೊಲಿಗೆಗೆ ಉಜ್ಜಿ ಚರ್ಮ ಕೆಂಪಾಗಿತ್ತು.

"ಯಜಮಾನ್ರೇ, ಇದನ್ನ ತೆಗೆದಿಡ್ರಿ" ಎಂದಳು ಸಿಸ್ಟರ್.

"ತೆಗ್ಯೋದು ಹೆಂಗಮ್ಮ? ಉಸಿರಿರೋತನಕ ಮೈಮೇಲೇ ಇರ್ಬೇಕು."

"ಹಂಗಾದ್ರೆ ಕೊರಳಲ್ಲಿ ಬ್ಯಾಡ."

"ಆತು ಬಿಡು. ನಿನ್ ಪೈಪು ಬಂದು ನಮ್ ಶಿವಪ್ಪಂಗೇ ಮನೆ ಖಾಲಿ ಮಾಡಿಸ್ತು."

ನಮ್ಮಲ್ಲಿ ಲಿಂಗವನ್ನು ತೋಳಿಗೆ ಕಟ್ಟಿಕೊಳ್ಳುವುದೂ ಉಂಟು. ಬಲಗೈ ಕೆಲಸಕ್ಕೆ ಬೇಕೆಂದು ಎಡತೋಳಿಗೆ ಕಟ್ಟಿಕೊಂಡರು, ಜಾರದಂತೆ ಬಿಗಿಯಾಗಿ. ಫಿಸ್ಟುಲಾ ಇರುವ ಆ ಕೈಗೆ ಬಿಗಿತ ಬೀಳಬಾರದು, ಬಿಪಿ ನೋಡಿಸಬೇಡಿ, ವಾಚು ಕಟ್ಟಬೇಡಿ ಎಂದು ಡಾಕ್ಟರು ಹೇಳಿದ್ದರು. ದೇವರನ್ನು ವಾಚಿನ ಸಾಲಿಗೆ ಸೇರಿಸಿ ನೋಡಲು ಮನೆಯಲ್ಲಿ ಯಾರಿಗೂ ತೋಚಲಿಲ್ಲ.

ಒಂದು ಬೆಳಿಗ್ಗೆ ಕೈಮೇಲೆ ಬೆರಳಿಟ್ಟು ನೋಡಿದರು. "ನಿಂತುಬಿಟ್ಟೈತೆ" ಎಂದರು. ರಕ್ತ ಹೆಪ್ಪುಗಟ್ಟಿ ಫಿಸ್ಟುಲಾ ಮುಚ್ಚಿಹೋಗಿತ್ತು. ಇನ್ನೊಂದು ಮಾಡುವವರೆಗೆ ಪೈಪೇ ಗತಿ.

ಆಮೇಲೆ ಚಳಿಜ್ವರ. ಮಷಿನ್ನಿಗೆ ಜೋಡಿಸಿದೊಡನೆ ಮಂಚ ಅಲ್ಲಾಡುವಂತೆ ನಡುಗುತ್ತಿದ್ದರು. ಪೈಪಿನಿಂದ ನಂಜು ರಕ್ತಕ್ಕೆ ಸೇರಿದೆ, ತೆಗೆಯಲೇಬೇಕು ಎಂದರು ಡಾಕ್ಟರು. ತೆಗೆದರೆ ಡಯಾಲಿಸಿಸ್ ಇಲ್ಲ. ಡಯಾಲಿಸಿಸ್ ಇಲ್ಲದಿದ್ದರೆ ಮೈಯಲ್ಲಿ ನೀರು ತುಂಬಿ ಉಸಿರು ಕಟ್ಟುತ್ತದೆ. ಕೊನೆಗೆ ಕುತ್ತಿಗೆಯದನ್ನು ತೆಗೆದು ತೊಡೆಸಂದಿಗೆ ಬೇರೆಯದು ಹಾಕಿದರು. ಕಾಲು ಮಡಿಸುವಂತಿಲ್ಲ, ಕೂರುವಂತಿಲ್ಲ, ಬಸ್ಸಿನ ಮಾತೇ ಇಲ್ಲ, ಆಸ್ಪತ್ರೆಯಲ್ಲೇ ಉಳಿದೆವು.

ಸೊರಬದಿಂದ ನೋಡಲು ಬಂದ ಅವರ ಅಕ್ಕ, "ಏಳೋ, ಎಷ್ಟಂತ ಮಲಗ್ತೀಯ" ಎಂದರು.

"ಎದ್ರೆ ಪೈಪು ಮಡಚ್ತದೆ, ಮಲಗಿದ್ರೆ ನೀನು ಬೈತೀಯ. ಎಲ್ಲಿಗೆ ಹೋಗ್ಲಿ ಹೇಳಕ್ಕ."

ನಂಜು ಇಳಿಯಲಿಲ್ಲ. ಅವರು ತೀರಿಕೊಂಡ ಮೇಲೆ, ಊರಿಗೆ ಒಯ್ಯುವ ಮುಂಚೆ, ಪೈಪು ತೆಗೆಯಲು ಒಬ್ಬ ಸಿಸ್ಟರ್ ಬಂದಳು. ಹೊಲಿಗೆ ಕತ್ತರಿಸಿ ಮೆಲ್ಲಗೆ ಎಳೆದಳು. ಬಂದುಬಿಟ್ಟಿತು. ತೆಗೆದ ಮೇಲೆ ರಕ್ತ ಬಾರದಂತೆ ಜಾಗವನ್ನು ಒತ್ತಿ ಹಿಡಿಯಬೇಕೆಂದು ನನಗೆ ಗೊತ್ತಿತ್ತು. ಹತ್ತಿಯಿಟ್ಟು ಒತ್ತಿದೆ. ಬೇಡ ಎಂದು ಅವಳು ಹೇಳಲಿಲ್ಲ. "ನಿಧಾನಕ್ಕೆ ಬಿಡ್ರಿ ಅಕ್ಕ" ಎಂದು ಪಕ್ಕದಲ್ಲಿ ನಿಂತಳು.