ದೊಡ್ಡಪ್ಪ ಕಳಿಸಿದ ಸ್ಯಾಂಪಲ್

ಬಿಸಿ ಪ್ಲಾಸ್ಟಿಕ್ಕಿನ ವಾಸನೆಯನ್ನು ಇಷ್ಟಪಡುವವರು ಯಾರೂ ಇರಲಾರರು. ನನಗಂತೂ ಅದು ಸೇರುವುದಿಲ್ಲ. ಮೊನ್ನೆ ಭಾನುವಾರ ಅರಸೀಕೆರೆ ಬಸ್‌ಸ್ಟ್ಯಾಂಡಿನ ಹತ್ತಿರದ ಜೆರಾಕ್ಸ್ ಅಂಗಡಿಯಲ್ಲಿ ಅಮ್ಮನ ಆಧಾರ್ ಕಾರ್ಡಿನ ನಕಲಿಗಾಗಿ ನಿಂತಿದ್ದೆ. ಪಕ್ಕದಲ್ಲಿ ಒಬ್ಬ ಹುಡುಗಿ ತನ್ನ ಡಿಗ್ರಿಯ ಮಾರ್ಕ್ಸ್ ಕಾರ್ಡುಗಳನ್ನೆಲ್ಲ ಒಂದೊಂದಾಗಿ ಲ್ಯಾಮಿನೇಷನ್ ಮಾಡಿಸುತ್ತಿದ್ದಳು. ಆ ಯಂತ್ರದ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಕೆಲಸ ಹುಡುಕಿಕೊಂಡು ಅಲೆದ ವರ್ಷ ನೆನಪಾಯಿತು. ಲ್ಯಾಮಿನೇಷನ್ ಮಾಡಿಸಬೇಡಮ್ಮ, ಹಿಂದುಗಡೆ ಸೀಲು ಒತ್ತಲು ಬರುವುದಿಲ್ಲವೆಂದು ಕೆಲವು ಆಫೀಸಿನವರು ವಾಪಸ್ ಕಳಿಸುತ್ತಾರೆ ಎಂದು ಹೇಳಬೇಕೆನಿಸಿತು. ಆ ವಯಸ್ಸಿನಲ್ಲಿ ನನಗೆ ಯಾರಾದರೂ ಹೇಳಿದ್ದರೆ ನಾನೇನು ಕೇಳುತ್ತಿದ್ದೆನೇ? ಕಾಗದ ಹೊಳೆದರೆ ಅರ್ಧ ಕೆಲಸ ಸಿಕ್ಕಿದ ಹಾಗೆ ಎಂದು ನಂಬಿದ್ದವಳು ನಾನು.

ನಾನು ಬಿ.ಕಾಂ. ಮುಗಿಸಿ ಆರೇಳು ವರ್ಷವಾಯಿತು. ಆಗ ಮನೆಯಲ್ಲಿ ಊಟಕ್ಕೆ ಬಟ್ಟೆಗೆ ಕೊರತೆಯೇನೂ ಇರಲಿಲ್ಲ. ನನಗೆ ಬೇಕಾಗಿದ್ದದ್ದು ಒಂದೇ, ಯಾವುದಾದರೂ ಆಫೀಸಿನ ಹಾಜರಿ ಪುಸ್ತಕದಲ್ಲಿ ನನ್ನ ಹೆಸರು. ನೀವು ನಗಬಹುದು. ಆದರೆ ಮನೆಗೆ ಬಂದ ನೆಂಟರೆಲ್ಲ "ಮಗಳು ಏನ್ ಮಾಡ್ತವ್ಳೆ?" ಎಂದು ಕೇಳುವುದೂ, ಅಪ್ಪ "ಸುಮ್ನೆ ಮನೇಲವ್ಳೆ" ಎನ್ನುವುದೂ, ಅವರು ನನ್ನತ್ತ ನೋಡುವುದೂ ತಿಂಗಳುಗಟ್ಟಲೆ ನಡೆದರೆ ಎಂಥವರಿಗೂ ಹಾಜರಿ ಪುಸ್ತಕದ ಮೇಲೆ ಪ್ರೀತಿ ಹುಟ್ಟುತ್ತದೆ. ಹಾಗೆಂದು ನಾನು ಪೂರ್ತಿ ಸುಮ್ಮನಿದ್ದವಳೂ ಅಲ್ಲ. ದೊಡ್ಡಪ್ಪನದು ಕೊಬ್ಬರಿ ಮಂಡಿ. ಹತ್ತು ವರ್ಷದವಳಿದ್ದಾಗಿನಿಂದ ಸಾಯಂಕಾಲ ಅಲ್ಲಿ ಕೂತು, ಯಾವ ಊರಿನ ಯಾರ ಚೀಲ ಎಷ್ಟು ಬಂತು ಎಂದು ಪಟ್ಟಿ ಬರೆಯುತ್ತಿದ್ದೆ. ಅದನ್ನು ಯಾರೂ ಕೆಲಸ ಎನ್ನುತ್ತಿರಲಿಲ್ಲ. ನಾನೂ ಎನ್ನುತ್ತಿರಲಿಲ್ಲ. ಮನೆಯ ಅಂಗಳ ಗುಡಿಸುವುದನ್ನು ಯಾರಾದರೂ ಉದ್ಯೋಗ ಎನ್ನುತ್ತಾರೆಯೇ?

ಮೊದಲು ಹೋದದ್ದು ಬೇಲೂರಿಗೆ. ಅಲ್ಲಿಯ ಒಂದು ಲಾಡ್ಜಿನಲ್ಲಿ ರಿಸೆಪ್ಷನ್‌ಗೆ ಜನ ಬೇಕಾಗಿತ್ತು.

"ಎಕ್ಸ್‌ಪೀರಿಯನ್ಸ್ ಎಷ್ಟಮ್ಮ?" ಎಂದರು ಮ್ಯಾನೇಜರು.

"ಇಲ್ಲ ಸರ್."

"ಎರಡು ವರ್ಷ ಬೇಕಲ್ಲ, ಇದೇ ಕೆಲಸದ್ದು."

"ಇದೇ ಕೆಲಸ ಕೊಟ್ರೆ ಎರಡು ವರ್ಷದಲ್ಲಿ ಬರುತ್ತೆ ಸರ್."

ಅವರು ಈ ಮಾತನ್ನು ಗಂಭೀರವಾಗಿಯೇ ತೆಗೆದುಕೊಂಡರು. ಒಳ್ಳೆಯ ಮನುಷ್ಯ. ಕೊನೆಗೆ, "ಹಳೇಬೀಡಲ್ಲಿ ವಿಚಾರಿಸಿ ನೋಡಿ" ಎಂದರು, ಅನುಭವವು ಹಳೇಬೀಡಿನಲ್ಲಿ ಕೆ.ಜಿ. ಲೆಕ್ಕದಲ್ಲಿ ಸಿಗುವ ಹಾಗೆ.

ಹಳೇಬೀಡಿನಲ್ಲಿ ಬಸದಿಯ ಕಡೆ ಹೋಗುವ ರಸ್ತೆಯಲ್ಲಿ ಜೈನರೊಬ್ಬರ ಪಂಪ್‌ಸೆಟ್ ಅಂಗಡಿ. ಬಿಲ್ಲು ಬರೆಯಲು ಜನ ಬೇಕೆಂದು ಅಂಗಡಿಯ ಮುಂದೆ ಚೀಟಿ ಅಂಟಿಸಿದ್ದರು. ಹಿರಿಯರು. ನನ್ನನ್ನು ಕೂರಿಸಿ, ಮನೆಯಿಂದ ಮಜ್ಜಿಗೆ ತರಿಸಿಕೊಟ್ಟು, ನನ್ನ ಮಾರ್ಕ್ಸ್ ಕಾರ್ಡನ್ನು ಬೆಳಕಿಗೆ ಹಿಡಿದು ಓದಿ, ಬಾಯಿ ತುಂಬ ಹೊಗಳಿದರು. ಆಮೇಲೆ ಅದೇ ಪ್ರಶ್ನೆ, ಅದೇ ಉತ್ತರ. "ಅನುಭವ ಬಂದ ತಕ್ಷಣ ಬಂದುಬಿಡಮ್ಮ, ನಿನ್ನ ಜಾಗ ಎಲ್ಲೂ ಹೋಗಲ್ಲ" ಎಂದರು. ಅದು ಎಲ್ಲಿ ಸಿಗುತ್ತದೆ ಎಂದು ಕೇಳಿದೆ. ಅವರು ಮುಗ್ಧವಾಗಿ, "ಬೇಲೂರು ದೊಡ್ಡ ಊರು. ಅಲ್ಲಿ ಕೇಳಿದ್ಯಾ?" ಎಂದರು.

ಪ್ರಪಂಚದ ಮೂಲೆಮೂಲೆಯಿಂದ ಜನ ಶಿಲ್ಪ ನೋಡಲು ಬರುವ ದಾರಿ ಅದು. ಆ ವರ್ಷ ಆ ದಾರಿಯಲ್ಲಿ ನಾನು ಆರು ಸಲ ಓಡಾಡಿರಬೇಕು. ನೋಡಿದ್ದೆಲ್ಲ ಮೇಜುಗಳನ್ನು, ಮೇಜಿನ ಹಿಂದೆ ಕೂತವರ ಹಣೆಗಳನ್ನು.

ಕೊನೆಗೆ ದೊಡ್ಡಪ್ಪ ಕೈಹಾಕಿದರು. ಅವರ ವ್ಯಾಪಾರದ ಪದ್ಧತಿಯನ್ನು ನಿಮಗೆ ಸ್ವಲ್ಪ ಹೇಳಲೇಬೇಕು. ಹೊಸ ಗಿರಾಕಿಗೆ ಕೊಬ್ಬರಿ ಮಾರಬೇಕಾದರೆ ಅವರು ಮಾತಾಡುವುದಿಲ್ಲ. ಒಂದು ಸಣ್ಣ ಚೀಲದಲ್ಲಿ ಉಂಡೆ ಕೊಬ್ಬರಿಯ ಸ್ಯಾಂಪಲ್ ತೆಗೆದುಕೊಂಡು ಹೋಗಿ, ಗಿರಾಕಿಯ ಗಲ್ಲಾದ ಪಕ್ಕ ಇಟ್ಟು, ನಮಸ್ಕಾರ ಮಾಡಿ ಬಂದುಬಿಡುತ್ತಾರೆ. ದರ ಹೇಳುವಂತಿಲ್ಲ, ಕೇಳುವಂತಿಲ್ಲ. ಮೊದಲು ಬಾಯಿ ಬಿಟ್ಟವನು ಕೆಟ್ಟ. ಮೂರು ದಿನದೊಳಗೆ ಚೀಲ ವಾಪಸ್ ಬರಲಿಲ್ಲವೆಂದರೆ ಮಾಲು ಒಪ್ಪಿಗೆಯಾಯಿತು ಎಂದು ಅರ್ಥ. ನಮ್ಮ ಮಂಡಿಯ ಸಾಲಿನಲ್ಲಿ ಈ ಮಾತಿಗೆ ಯಾರೂ ತಪ್ಪುವುದಿಲ್ಲ.

"ನೀನು ಎಲ್ಲಾ ಕಡೆ ಹೋಗಿ ಕೆಲಸ ಕೊಡಿ ಕೆಲಸ ಕೊಡಿ ಅಂತ ಬಾಯ್ಬಿಟ್ಟಿದೀಯ. ಅದ್ಕೇ ಕೆಟ್ಟೈತೆ. ಹಾರನಹಳ್ಳಿ ರೋಡಲ್ಲಿ ನಾರಿನ ಫ್ಯಾಕ್ಟ್ರಿ ಐತಲ್ಲ, ಅಲ್ಲಿ ಲೆಕ್ಕ ಬರಿಯೋನು ಬಿಟ್ಟೋಗವ್ನಂತೆ. ಲಾರಿಯೋರು ಹೇಳಿದ್ರು, ಮೇಜಿನ ಮೇಲೆ ಚೀಟಿ ರಾಶಿ ಬಿದ್ದೈತಂತೆ. ಹೋಗು, ಕೂತ್ಕೊ, ಬರಿ. ಸಾಯಂಕಾಲ ಎದ್ದು ಬಾ."

"ಯಾರನ್ನ ಕೇಳ್ಬೇಕು ದೊಡ್ಡಪ್ಪ?"

"ಕೇಳಿದ್ರೆ ಕೆಟ್ಟೆ ಅಂತ ಈಗ ತಾನೆ ಹೇಳ್ಲಿಲ್ವೇನವ್ವ?"

ಬುದ್ಧಿ ಇದ್ದವರಾರೂ ಇದಕ್ಕೆ ಒಪ್ಪುತ್ತಿರಲಿಲ್ಲ. ನಾನು ಒಪ್ಪಿದೆ. ಸೋಮವಾರ ಬೆಳಿಗ್ಗೆ ಫೈಲು ಹಿಡಿದು ಫ್ಯಾಕ್ಟರಿಯ ಗೇಟಿನ ಮುಂದೆ ನಿಂತೆ. ವಾಚ್‌ಮನ್ ರಂಗಣ್ಣ ಯಾರೆಂದು ಕೇಳಿದ. ಕೊಬ್ಬರಿ ಮಂಡಿಯವರು ಕಳಿಸಿದರು ಎಂದೆ. ಮಂಡಿಯಿಂದ ಏನು ಬಂದರೂ ಒಳಗೆ ಬಿಡುವುದು ಅವನಿಗೆ ರೂಢಿ. ಗೇಟು ತೆಗೆದ. ಆಫೀಸಿನಲ್ಲಿ ಮೇಜು ಖಾಲಿಯಿತ್ತು, ಚೀಟಿಗಳ ರಾಶಿಯೂ ಇತ್ತು. ನಾರು ತೆಗೆಯಲು ಯಾವ ಊರಿನಿಂದ ಎಷ್ಟು ಲೋಡು ತೆಂಗಿನಕಾಯಿ ಮಟ್ಟೆ ಬಂತು ಎನ್ನುವ ಚೀಟಿಗಳು. ಕೂತು ಊರಿನ ಪ್ರಕಾರ ವಿಂಗಡಿಸತೊಡಗಿದೆ.

ಹತ್ತೂವರೆಗೆ ಮ್ಯಾನೇಜರ್ ಪರಮೇಶಪ್ಪನವರು ಬಂದರು. ಎದ್ದು ನಮಸ್ಕಾರ ಮಾಡಿದೆ. ಅವರು ನನ್ನನ್ನು ನೋಡಿದರು, ಚೀಟಿಗಳನ್ನು ನೋಡಿದರು, ಗೋಡೆಯ ಮೇಲಿದ್ದ, ಫ್ಯಾಕ್ಟರಿಯ ಮಾಲೀಕರಾದ ಸಾಹುಕಾರರ ತಂದೆಯ ಫೋಟೋ ನೋಡಿದರು. "ಕೂತ್ಕೊಳಿ, ಕೂತ್ಕೊಳಿ. ಸೆಕೆ ಐತೆ, ಫ್ಯಾನ್ ಹಾಕ್ಕೊಳಿ" ಎಂದು ಒಳಗೆ ಹೋದರು. ಅಷ್ಟೇ. ಮಧ್ಯಾಹ್ನ ಆಫೀಸಿನ ಕೆಲಸದ ಚಂದ್ರಮ್ಮ ಎಲ್ಲರಿಗೂ ಸ್ಟೀಲ್ ಲೋಟದಲ್ಲಿ ಟೀ ಕೊಟ್ಟು ನನಗೆ ಮಾತ್ರ ಪಿಂಗಾಣಿ ಕಪ್ಪಿನಲ್ಲಿ ಕೊಟ್ಟಳು.

ಮೂರನೆಯ ದಿನ ಪರಮೇಶಪ್ಪನವರು ದನಿ ತಗ್ಗಿಸಿ, "ಸಾಹುಕಾರ್ರು ಚೆನ್ನಾಗವ್ರಾ?" ಎಂದು ಕೇಳಿದರು. "ಚೆನ್ನಾಗೇ ಇರ್ಬೇಕು ಸರ್" ಎಂದೆ. ಅದು ಸುಳ್ಳಲ್ಲ. ಎರಡನೆಯ ವಾರ ಸಾಹುಕಾರರೇ ಬಂದರು. ನಾನು ಬರೆದಿಟ್ಟ ಪುಸ್ತಕ ತಿರುವಿ ಹಾಕಿ, "ಬರವಣಿಗೆ ಚೆನ್ನಾಗೈತೆ. ನಿಮ್ಮ ಮಾವ ಒಳಗವ್ರಾ?" ಎಂದರು. ಮಾವ ಯಾರೆಂದು ತಿಳಿಯದೆ, ಮ್ಯಾನೇಜರು ಒಳಗಿದ್ದಾರೆ ಎಂದೆ. ಅವರು ತಲೆಯಾಡಿಸಿ ಒಳಗೆ ಹೋದರು. ವಿಷಯ ನನಗೆ ಆಗಲೇ ಅರ್ಥವಾಯಿತು. ಮ್ಯಾನೇಜರ ಲೆಕ್ಕದಲ್ಲಿ ನಾನು ಸಾಹುಕಾರರ ಕಡೆಯವಳು, ಸಾಹುಕಾರರ ಲೆಕ್ಕದಲ್ಲಿ ಮ್ಯಾನೇಜರ ಸೊಸೆಯೋ ತಂಗಿಯ ಮಗಳೋ. ಕೇಳಿದರೆ ಎದುರಿನವರಿಗೆ ಬೇಜಾರಾದೀತೆಂಬ ಸಂಕೋಚ ಇಬ್ಬರಿಗೂ. ನಮ್ಮ ಕಡೆ ಸಂಕೋಚವೊಂದಿದ್ದರೆ ಎಂಥ ಆಫೀಸಾದರೂ ನಡೆಯುತ್ತದೆ. ನಾನು ಬಾಯಿಬಿಟ್ಟು ಹೇಳಬಹುದಿತ್ತು. ಹೇಳಲಿಲ್ಲ, ಹೆದರಿಕೆ.

ಸಾಯಂಕಾಲ ಮಂಡಿಯಲ್ಲಿ ಪಟ್ಟಿ ಬರೆಯುವಾಗ ದೊಡ್ಡಪ್ಪ ಕೇಳುತ್ತಿದ್ದರು.

"ದರ ಕೇಳಿದ್ಯಾ?"

"ಇಲ್ಲ."

"ಭೇಷ್."

ಆದರೆ ನನಗೆ ದಿನಾ ಬೆಳಿಗ್ಗೆ ಒಂದು ಸಂಕಟವಿತ್ತು. ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಹಾಜರಿ ಪುಸ್ತಕ ಇರುತ್ತಿತ್ತು. ಇಪ್ಪತ್ತಾರು ಹೆಸರು. ಎಲ್ಲರೂ ಬಂದು ಸಹಿ ಹಾಕುತ್ತಿದ್ದರು, ಸಹಿ ಬಾರದ ಚಂದ್ರಮ್ಮನೂ ಹೆಬ್ಬೆಟ್ಟು ಒತ್ತುತ್ತಿದ್ದಳು. ನಾನು ಸಹಿ ಹಾಕುವವಳ ಹಾಗೆ ಅದರ ಮುಂದೆ ಒಂದು ಕ್ಷಣ ನಿಂತು, ಪೆನ್ನಿನ ಮುಚ್ಚಳ ತೆಗೆದು, ಮತ್ತೆ ಹಾಕಿ ಹೋಗಿ ಕೂರುತ್ತಿದ್ದೆ. ಚಂದ್ರಮ್ಮ ಒಂದು ದಿನ ಇದನ್ನು ನೋಡಿಬಿಟ್ಟಳು. "ಪುಸ್ತ್ಕದಾಗೆ ನಿಮ್ಮೆಸ್ರೇ ಇಲ್ಲ ಅಲ್ವ್ರಾ? ದೊಡ್ಡೋರ ಮನೆಯವ್ರಿಗೆ ಇವೆಲ್ಲ ಯಾಕೆ ಬೇಕು ಬಿಡಿ" ಎಂದಳು. ಅವಳು ಗೌರವಕ್ಕೆ ಹೇಳಿದ ಮಾತು ಅದು. ನನಗೆ ಆ ಪಿಂಗಾಣಿ ಕಪ್ಪನ್ನು ಎತ್ತಿ ಒಗೆಯಬೇಕೆನಿಸಿತು.

ಸಂಬಳದ ದಿನ ಒಬ್ಬೊಬ್ಬರ ಹೆಸರನ್ನೂ ಕೂಗಿದರು. ಇಪ್ಪತ್ತಾರು ಮುಗಿದ ಮೇಲೆ ಪುಸ್ತಕ ಮುಚ್ಚಿದರು. ನಾನು ಮಂಡಿಗೆ ಹೋಗಿ, ಗಿರಾಕಿಗಳಿದ್ದಾರೆಂದೂ ನೋಡದೆ ಅತ್ತುಬಿಟ್ಟೆ.

"ತಡ್ಕೊ. ದರ ಅವ್ರೇ ಕೇಳ್ಲಿ" ಎಂದರು ದೊಡ್ಡಪ್ಪ.

"ನಾನೇನು ಕೊಬ್ಬರಿನಾ ದೊಡ್ಡಪ್ಪ?"

ಅವರು ಕೈಯಲ್ಲಿದ್ದ ಚೀಲ ಕೆಳಗಿಟ್ಟು, "ಕೊಬ್ಬರಿ ಆಗಿದ್ರೆ ಇಷ್ಟೊತ್ಗೆ ಮಾರಿರ್ತಿದ್ದೆ ಕಣವ್ವ" ಎಂದರು. ಅವರ ಮುಖ ಸಣ್ಣಗಾಗಿತ್ತು.

ಮರುದಿನ ಸಾಹುಕಾರರೂ ಬಂದಿದ್ದರು. ನಾನು ಒಳಗೆ ಹೋಗಿ, ಇಬ್ಬರ ಮುಂದೆಯೂ ನಿಂತು, ನಾನು ಯಾರ ಕಡೆಯವಳೂ ಅಲ್ಲ, ನನ್ನನ್ನು ಯಾರೂ ಕೆಲಸಕ್ಕೆ ತೆಗೆದುಕೊಂಡಿಲ್ಲ ಎಂದುಬಿಟ್ಟೆ. ಸಾಹುಕಾರರು ಪರಮೇಶಪ್ಪನವರ ಕಡೆ ತಿರುಗಿದರು.

"ನಿಮ್ಮ ತಂಗಿ ಮಗಳಲ್ವೇನ್ರೀ?"

"ನಿಮ್ಮ ಕಡೆಯವರು ಅಂದ್ಕೊಂಡೆ ಸಾಹುಕಾರ್ರೇ!"

"ಇದೇನ್ರೀ ಇದು! ಕೆಲಸದಿಂದ ತೆಗೀರಿ ಮೊದ್ಲು."

ಪರಮೇಶಪ್ಪನವರು ತಲೆ ಕೆರೆದುಕೊಂಡರು. "ತೆಗೀಬೇಕು ಅಂದ್ರೆ ಮೊದ್ಲು ಸೇರಿಸ್ಕೊಂಡಿರ್ಬೇಕಲ್ಲ?"

"ಹಂಗಾದ್ರೆ ಸೇರಿಸ್ಕೊಂಡು ತೆಗೀರಿ."

"ಸೇರಿಸ್ಕೊಳಕ್ಕೆ ಒಂದು ವರ್ಷದ ಅನುಭವ ಬೇಕು. ನೀವೇ ಮಾಡಿದ ರೂಲ್ಸು."

"ಎಲ್ಲೈತೆ ಆ ರೂಲ್ಸು?"

ಪರಮೇಶಪ್ಪನವರಿಗೆ ಗೊತ್ತಿರಲಿಲ್ಲ. ಆಫೀಸಿನಲ್ಲಿ ಅದು ಗೊತ್ತಿದ್ದದ್ದು ಒಬ್ಬರಿಗೇ. ನಾನು ಹೋಗಿ, ಹಿಂದಿನ ವಾರವಷ್ಟೇ ಜೋಡಿಸಿಟ್ಟಿದ್ದ ಫೈಲಿನಿಂದ ಆ ಕಾಗದ ತೆಗೆದು, ಆ ಸಾಲಿನ ಮೇಲೆ ಬೆರಳಿಟ್ಟು ಸಾಹುಕಾರರ ಮುಂದೆ ಹಿಡಿದೆ. ಅವರು ಕಾಗದ ಓದಲಿಲ್ಲ. ನನ್ನನ್ನೇ ನೋಡುತ್ತ, "ನಿನ್ನ ಕಳ್ಸಿದ್ದು ಯಾರಮ್ಮ?" ಎಂದರು. ಹೇಳಿದೆ. ಫೋನು ಹೋಯಿತು.

ದೊಡ್ಡಪ್ಪ ಟೆಂಪೋ ಹತ್ತಿ ಬಂದರು. ಕುರ್ಚಿಯ ಧೂಳನ್ನು ಟವೆಲ್ಲಿನಿಂದ ಒರೆಸಿ ಕೂತು, ಕ್ಷೇಮಸಮಾಚಾರವನ್ನೂ ಕೇಳದೆ, "ಸ್ಯಾಂಪಲ್ ಹೆಂಗೈತೆ?" ಎಂದರು.

ಸಾಹುಕಾರರಿಗೆ ಆ ಮಾತಿನ ಅರ್ಥ ತಕ್ಷಣ ಹೊಳೆಯಿತು. ಅವರೂ ಕೊಬ್ಬರಿ ಮಂಡಿಯಲ್ಲಿ ಬೆಳೆದು ಬಂದವರೇ.

"ಎಷ್ಟು ದಿನ ಆಯ್ತು ಇಟ್ಕೊಂಡು?" ಎಂದರು ದೊಡ್ಡಪ್ಪ.

"ಮೂವತ್ತೆರಡು" ಎಂದೆ ನಾನು.

"ಮೂರು ದಿನದ ಮಾತು. ಮೂವತ್ತೆರಡು ದಿನ ಇಟ್ಕೊಂಡು ಈಗ ಬೇಡ ಅಂತೀರಾ? ಬೇಡ ಅನ್ನಿ. ನಾನು ಮಂಡಿ ಸಾಲಲ್ಲಿ ಯಾರ್ಗೂ ಹೇಳಲ್ಲ."

ಹೇಳುವುದಿಲ್ಲ ಎಂದ ಧಾಟಿಯಲ್ಲೇ ಅದು ಸಾಯಂಕಾಲದೊಳಗೆ ಊರಿಗೆಲ್ಲ ಗೊತ್ತಾಗುತ್ತದೆಂದು ಸಾಹುಕಾರರಿಗೆ ತಿಳಿಯಿತು. ಅವರು ಜೋರಾಗಿ ನಕ್ಕುಬಿಟ್ಟರು. "ಸೇರಿಸ್ಕೊಳಿ ಪರಮೇಶಪ್ಪ. ಹೋದ ತಿಂಗಳಿಂದಲೇ."

"ಅನುಭವ ಅನ್ನೋ ಕಡೆ ಏನ್ ಬರೀಲಿ?"

"ಮೂವತ್ತೆರಡು ದಿನ ಅಂತ ಬರೀರಿ."

"ಎಲ್ಲಿ ಅಂತ?"

"ಇಲ್ಲೇ ಅಂತ ಬರೀರಿ!"

ಪರಮೇಶಪ್ಪನವರು ತಮ್ಮ ಅಕ್ಷರ ಚೆನ್ನಾಗಿಲ್ಲವೆಂದು ಹಾಜರಿ ಪುಸ್ತಕವನ್ನು ನನ್ನ ಕೈಗೇ ಕೊಟ್ಟರು. ಇಪ್ಪತ್ತೇಳನೆಯ ಸಾಲಿನಲ್ಲಿ ನನ್ನ ಹೆಸರನ್ನು ನಾನೇ ಬರೆದುಕೊಂಡೆ. ಅಂಥ ಸಂತೋಷ ಆಮೇಲೆ ಸಂಬಳ ಹೆಚ್ಚಾದಾಗಲೂ ಆಗಲಿಲ್ಲ. ಮರುದಿನದಿಂದ ಚಂದ್ರಮ್ಮ ಸ್ಟೀಲ್ ಲೋಟದಲ್ಲಿ ಟೀ ಕೊಡತೊಡಗಿದಳು.

ಆಫೀಸಿನ ಕೆಲಸ ಹೆಚ್ಚಾಗಿ ಸಾಯಂಕಾಲ ಪಟ್ಟಿ ಬರೆಯುವುದು ನಿಂತುಹೋಗಿತ್ತು. ಒಂದು ವಾರ ಕಳೆದು ಮಂಡಿಗೆ ಹೋದರೆ ಬಾಗಿಲಲ್ಲಿ ಹೊಸ ತಗಡಿನ ಬೋರ್ಡು. ಚೀಲಕ್ಕೆ ಗುರುತು ಹಾಕುವ ಬಣ್ಣದಲ್ಲಿ ದೊಡ್ಡಪ್ಪನೇ ಬರೆದದ್ದು: "ಪಟ್ಟಿ ಬರೆಯಲು ಜನ ಬೇಕು. ಹನ್ನೊಂದು ವರ್ಷ ಅನುಭವ ಇರಬೇಕು." ನಾನು ಬಿದ್ದು ಬಿದ್ದು ನಕ್ಕೆ. ದೊಡ್ಡಪ್ಪ ನಗಲಿಲ್ಲ. "ಇಷ್ಟು ದಿನ ಬರೀತಿದ್ದೋಳಿಗೆ ಎಷ್ಟಿತ್ತೋ ಅಷ್ಟಾದ್ರೂ ಬೇಡ್ವಾ?" ಎಂದರು. ಆಗ ಅದು ನನಗೆ ಬರೀ ತಮಾಷೆಯಾಗಿ ಕಂಡಿತ್ತು.

ಆ ಬೋರ್ಡು ಇನ್ನೂ ಅಲ್ಲೇ ಇದೆ. ಡಿಗ್ರಿ ಮುಗಿಸಿದವರು ಬರುತ್ತಾರೆ, ಓದುತ್ತಾರೆ, ಹೋಗುತ್ತಾರೆ. ಪಟ್ಟಿಯನ್ನು ದೊಡ್ಡಪ್ಪನೇ ಬರೆಯುತ್ತಾರೆ, ಗೆಂಡೆಹಳ್ಳಿಯ ಚೀಲವನ್ನು ಹಗರೆ ಊರಿನವರ ಹೆಸರಿಗೆ ಬರೆದು ಇಬ್ಬರಿಂದಲೂ ಬೈಸಿಕೊಳ್ಳುತ್ತಾರೆ. ಮೊನ್ನೆ ಜೆರಾಕ್ಸ್ ಅಂಗಡಿಯಿಂದ ನೇರ ಮಂಡಿಗೆ ಹೋದೆ. ಭಾನುವಾರ ವ್ಯಾಪಾರವಿಲ್ಲದಿದ್ದರೂ ಅವರು ಅಲ್ಲಿಯೇ ಕೂತಿರುತ್ತಾರೆ.

"ದೊಡ್ಡಪ್ಪ, ಈ ಹನ್ನೊಂದು ವರ್ಷ ಅನ್ನೋದನ್ನ ಅಳಿಸಿಬಿಡ್ತೀನಿ. ಯಾರಿಗಿರುತ್ತೆ ಅಷ್ಟು? ಅದಕ್ಕೇ ಯಾರೂ ಬರ್ತಿಲ್ಲ."

ಅವರು ಕನ್ನಡಕ ಸರಿಮಾಡಿಕೊಂಡರು. "ಬೇರೆ ಏನ್ ಬೇಕಾದ್ರೂ ಬರಿ. ಹನ್ನೊಂದು ಮಾತ್ರ ಮುಟ್ಬೇಡ. ಅದು ನಿಂದು ಕಣವ್ವ."

ಬೇಲೂರಿನಲ್ಲೂ ಹಳೇಬೀಡಿನಲ್ಲೂ ಅನುಭವ ಇಲ್ಲವೆಂದು ನಾನೇ ನನ್ನ ಬಾಯಿಂದ ಹೇಳಿ ಬಂದಿದ್ದೆ. ಅದಿತ್ತು ಎಂದು ಬರೆದು ಬಾಗಿಲಿಗೆ ನೇತುಹಾಕಿದವರು ಇವರೊಬ್ಬರೇ. ಬಣ್ಣದ ಡಬ್ಬಿ ತೆಗೆದುಕೊಂಡು ಸ್ಟೂಲು ಹತ್ತಿದೆ. ಹನ್ನೊಂದನ್ನು ಮುಟ್ಟಲಿಲ್ಲ. ಕೆಳಗೆ ಉಳಿದಿದ್ದ ಜಾಗದಲ್ಲಿ ಇನ್ನೊಂದು ಸಾಲು ಸೇರಿಸಿದೆ: "ಇಲ್ಲದವರೂ ಬನ್ನಿ."