ಪಿಕಿಂಗ್ ಕಾಲದ ಕಳ್ಳ ಕಾಗದ

ಕಾಫಿ ಎಸ್ಟೇಟಿನಲ್ಲಿ ಆಳುಗಳ ಲೆಕ್ಕ ಬರೆಯುವ ರೈಟರೊಬ್ಬರು ಬರೆದಂತೆ ನಾನೊಂದು ಕಳ್ಳ ಕಾಗದ ಬರೆದೆ. ಬರೆದದ್ದು ತಪ್ಪು, ಒಪ್ಪುತ್ತೇನೆ. ಆ ತಪ್ಪನ್ನಾದರೂ ಸರಿಯಾಗಿ ಮಾಡಲು ಬಂತೇ ಎಂದರೆ, ಅದೂ ಇಲ್ಲ.

ಆಗ ಕೊಡಗು ಇನ್ನೂ ಬೇರೆ ರಾಜ್ಯ; ನಾನು ಅಮ್ಮತ್ತಿ ಕಡೆಯ ಒಂದು ಹೈಸ್ಕೂಲಿನಲ್ಲಿ ಭೂಗೋಳದ ಮೇಷ್ಟ್ರು. ಮನೆ ಕುಶಾಲನಗರದ ಹತ್ತಿರ. ಅಜ್ಜನ ಕಾಲದಲ್ಲಿ ಹಾಸನದಿಂದ ಬಂದು ಭತ್ತ ಬೆಳೆದುಕೊಂಡು ನೆಲೆನಿಂತವರು ನಾವು. ಕಾಫಿಯ ಬಗ್ಗೆ ನನಗಿದ್ದ ಜ್ಞಾನವೆಲ್ಲ ಲೋಟದಿಂದ ಈಚೆಗಿನದು.

ನನ್ನ ಕ್ಲಾಸಿಗೂ ಪಕ್ಕದ ಕ್ಲಾಸಿಗೂ ನಡುವೆ ಇದ್ದದ್ದು ಒಂದು ಬಿದಿರಿನ ತಟ್ಟಿ. ಆ ಕಡೆ ಕನ್ನಡದ ಟೀಚರ್. ವಿರಾಜಪೇಟೆ ಕಡೆಯ ಕೊಡವರು, ನನಗಿಂತ ನಾಲ್ಕೈದು ವರ್ಷ ದೊಡ್ಡವರು. ಪ್ರತಿ ಗುರುವಾರ ಹನ್ನೊಂದು ಗಂಟೆಗೆ ಅವರು ನಾಲ್ಕನೇ ಫಾರಂ, ಅಂದರೆ ಈಗಿನ ಒಂಬತ್ತನೇ ಕ್ಲಾಸಿನ, ಮಕ್ಕಳಿಗೆ ಪಠ್ಯಪುಸ್ತಕ ಮುಚ್ಚಿಸಿ, ಕೈಗೆ ಸಿಕ್ಕಿದ ಕಾಗದ ಓದಿಸುತ್ತಿದ್ದರು. ಕೂದಲೆಣ್ಣೆಯ ಜಾಹೀರಾತು, ಬಸ್ಸಿನವರ ನೋಟೀಸು, ಕೊಡಗು ಮೈಸೂರಿಗೆ ಸೇರಬೇಕು ಎನ್ನುವ ಒಂದು ಕರಪತ್ರ, ಸೇರಲೇಬಾರದು ಎನ್ನುವ ಇನ್ನೊಂದು. ಓದಿಸಿದ ಮೇಲೆ ಅವರು ಕೇಳುತ್ತಿದ್ದದ್ದು ಇಷ್ಟೇ: ಇದನ್ನು ಹೇಳುತ್ತಿರುವವರು ಯಾರು? ಅವರಿಗೆ ಹೇಗೆ ಗೊತ್ತು? ಅವರಿಗೆ ಏನು ಬೇಕು?

ಇಷ್ಟಕ್ಕೇ ಆ ಮಕ್ಕಳು ನಾ ಮುಂದು ತಾ ಮುಂದು ಎಂದು ಮುಗಿಬೀಳುತ್ತಿದ್ದರು. "ಎಣ್ಣೆ ಕಂಪನಿ ಓನರ್ ಫೋಟೋ ಯಾಕೆ ಹಾಕಿಲ್ಲ ಟೀಚರ್? ಅವ್ರದ್ದೇ ತಲೆ ಬೋಳಾ?" ಎಂದು ಒಬ್ಬ ಕೇಳಿದರೆ ತಟ್ಟಿ ನಡುಗುವಷ್ಟು ನಗು.

ಈ ಕಡೆ ನಾನು ಮಾನ್ಸೂನ್ ಮಾರುತಗಳನ್ನು ಅರಬ್ಬೀ ಸಮುದ್ರದಿಂದ ಒಬ್ಬನೇ ಬೆವರು ಸುರಿಸಿ ಎಳೆದು ತರುತ್ತಿದ್ದೆ. ನನ್ನ ಐದನೇ ಫಾರಂ ಮಕ್ಕಳ ಕಿವಿಗಳು ಮಾತ್ರ ತಟ್ಟಿಗೆ ಅಂಟಿಕೊಂಡಿರುತ್ತಿದ್ದವು. "ಪ್ರಶ್ನೆ ಇದ್ರೆ ಕೇಳ್ರೋ" ಎಂದೆ ಒಂದು ದಿನ. ಒಂದು ಕೈ ಮೇಲೆದ್ದಿತು. ನನ್ನ ಎದೆ ಅರಳಿತು.

"ಸಾರ್, ಪಕ್ಕದಲ್ಲಿ ಯಾಕೆ ನಗ್ತಾ ಇದ್ದಾರೆ?"

ಅವತ್ತು ಮಧ್ಯಾಹ್ನ ನನಗೆ ಊಟ ಸೇರಲಿಲ್ಲ. ಸೇರಲಿಲ್ಲ ಎಂದರೆ ನಾಲ್ಕನೇ ಅಕ್ಕಿರೊಟ್ಟಿ ಸೇರಲಿಲ್ಲ. ಹೊಟ್ಟೆಯಲ್ಲಿ ಜಾಗವೆಲ್ಲ ಕಿಚ್ಚಿಗೇ ಹೋಗಿತ್ತು.

ಸಂಜೆ ಕೂತು ಹೆಡ್‌ಮಾಸ್ಟರಿಗೆ ಕಾಗದ ಬರೆದೆ: 'ನಾನು ಅಮ್ಮತ್ತಿ ಹತ್ತಿರದ ಎಸ್ಟೇಟಿನ ರೈಟರ್. ಈ ಗುರುವಾರ ಹನ್ನೊಂದು ಗಂಟೆಗೆ ತಮ್ಮ ಶಾಲೆಯ ಮುಂದೆ ನಿಂತಿದ್ದಾಗ ನಾಲ್ಕನೇ ಫಾರಂನಿಂದ ಸಂತೆಯಂಥ ಗದ್ದಲ ಕೇಳಿಬಂತು.' ಅಲ್ಲಿಗೆ ನಿಲ್ಲಿಸಿದ್ದರೆ ಬದುಕಿಕೊಳ್ಳುತ್ತಿದ್ದೆನೇನೋ. 'ಆದರೆ ಪಕ್ಕದಲ್ಲಿ ಭೂಗೋಳ ಬೋಧಿಸುತ್ತಿದ್ದ ಯುವ ಅಧ್ಯಾಪಕರ ಗಂಭೀರ ಧ್ವನಿ…' ಎಂದು ಶುರುವಾದದ್ದು ಹಾಳೆ ಮುಗಿದ ಮೇಲೇ ನಿಂತಿತು. ಗುರುತು ಸಿಗದಿರಲೆಂದು ಎಡಗೈಯಲ್ಲಿ ಬರೆದಿದ್ದೆ. ಬಲಗೈ ಅಕ್ಷರಕ್ಕಿಂತ ಅದೇ ದುಂಡಗೆ ಬಂದಿತ್ತು. ನನ್ನ ಎಡಗೈ ಮೇಲೂ ಒಂದು ಗಳಿಗೆ ಹೊಟ್ಟೆ ಉರಿಯಿತು. ಅಮ್ಮತ್ತಿಯ ಪೋಸ್ಟ್‌ಮ್ಯಾನ್ ಕಣ್ಣಿಗೆ ಬೀಳಬಾರದೆಂದು ಬಸ್ಸು ಹತ್ತಿ ಮೂರ್ನಾಡಿಗೆ ಹೋಗಿ ಅಲ್ಲಿನ ಡಬ್ಬಕ್ಕೆ ಹಾಕಿ ಬಂದೆ. ಅಂಥ ಜಾಣ ನಾನು.

ಮುಂದಿನ ಬುಧವಾರ ಹೆಡ್‌ಮಾಸ್ಟರು ಕರೆದರು. "ರೀ ಮೇಷ್ಟ್ರೇ, ಯಾರೋ ರೈಟರು ನಿಮ್ಮನ್ನ ದೇವ್ರ ಥರ ಹೊಗಳಿದಾರೆ ಕಣ್ರೀ. ಟೀಚರಿಗೆ ಕಾಗದ ಕೊಟ್ಟು ಉತ್ತರ ಬರೀರಿ ಅಂದಿದೀನಿ. ನಾಳೆ ನಿಮ್ಮ ಮಕ್ಕಳನ್ನ ಆಟಕ್ಕೆ ಬಿಟ್ಟು ನೀವೇ ಹೋಗಿ ಹಿಂದೆ ಕೂತು ನೋಡಿ. ಗಲಾಟೆ ನಿಜ ಅಂತ ನೀವಂದ್ರೆ ಆ ಪೀರಿಯಡ್ ಅಲ್ಲಿಗೆ ಬಂದ್."

ನನ್ನ ಒಂದು ಮಾತಿಗೆ ಅವರ ಗುರುವಾರ ಮುಗಿಯುತ್ತಿತ್ತು. ಆ ರಾತ್ರಿ ಎಷ್ಟು ಚೆನ್ನಾಗಿ ನಿದ್ದೆ ಬಂತೆಂದು ಹೇಳಲು ಈಗ ನಾಚಿಕೆ.

ಗುರುವಾರ ಹಿಂದಿನ ಬೆಂಚಿನಲ್ಲಿ ಜಡ್ಜಿಯಂತೆ ಕೂತೆ. ಟೀಚರ್ ನನ್ನ ಕಾಗದವನ್ನು, ಕವರ್ ಸಮೇತ, ಮೊದಲ ಬೆಂಚಿಗೆ ಕೊಟ್ಟರು. "ಇವತ್ತು ನಮ್ಮ ಮೇಲೇ ಕಾಗದ ಬಂದಿದೆ. ಓದಿ."

ಒಬ್ಬ ಹುಡುಗ ಗಟ್ಟಿಯಾಗಿ ಓದಿದ. 'ಗಂಭೀರ ಧ್ವನಿ' ಬಂದಾಗ ಯಾರೋ ಕೆಮ್ಮಿದರು.

"ಹೇಳ್ತಾ ಇರೋದು ಯಾರು?" ಎಂದರು ಟೀಚರ್.

"ರೈಟರ್ ಅಂತೂ ಅಲ್ಲ ಟೀಚರ್" ಎಂದು ಎರಡು ಜಡೆಯ ಹುಡುಗಿಯೊಬ್ಬಳು ಎದ್ದಳು. "ನಮ್ಮಪ್ಪ ರೈಟರ್ ಅಲ್ವಾ? ಈಗ ಪಿಕಿಂಗ್, ಕಾಫಿ ಹಣ್ಣು ಕೊಯ್ಯೋ ಕಾಲ. ಬೆಳಿಗ್ಗೆ ಲೈನ್ ಮನೆಗಳಿಂದ ಆಳುಗಳನ್ನ ಹೊರಡಿಸಿದ್ರೆ ಸಾಯಂಕಾಲ ಹಣ್ಣು ತೂಗೋವರೆಗೆ ಅಲ್ಲಾಡೋ ಹಾಗಿಲ್ಲ. ಚಿಕ್ಕಪ್ಪನ ಮದುವೆಗೇ ಅಪ್ಪ ಬರ್ಲಿಲ್ಲ. ಗುರುವಾರ ಹನ್ನೊಂದು ಗಂಟೆಗೆ ಸ್ಕೂಲ್ ಮುಂದೆ ನಿಂತ್ಕೊಳ್ಳೋ ರೈಟರ್ ಯಾರು?"

"ಕೆಲಸ ಹೋದ ರೈಟರ್!" ಎಂದ ಇನ್ನೊಬ್ಬ. ಕ್ಲಾಸು ನಕ್ಕಿತು. ನಾನೂ ನಕ್ಕೆ, ಎಲ್ಲರಿಗಿಂತ ಜೋರಾಗಿ.

ಕವರ್ ಹಿಡಿದಿದ್ದವನು, "ಅಮ್ಮತ್ತಿ ಅಂತ ಬರ್ದು ಮೂರ್ನಾಡಿನ ಸೀಲ್ ಉಂಟು ಟೀಚರ್" ಎಂದ. ಅವನ ಪಕ್ಕದವನು, "ಹೊರಗೆ ನಿಂತವ್ರಿಗೆ ಯಾವ ಫಾರಂ ಅಂತ ಹೇಗೆ ಗೊತ್ತಾಯ್ತು?" ಎಂದ. ಮತ್ತೊಬ್ಬ ಎಣಿಸಿಬಿಟ್ಟಿದ್ದ: "ನಮ್ಮನ್ನ ಬೈದದ್ದು ಮೂರು ಸಾಲು, ಭೂಗೋಳಕ್ಕೆ ಹದಿನಾಲ್ಕು."

ಬೆಂಚಿನ ಕೆಳಗೆ ಜಾಗವಿದೆಯೇ ಎಂದು ನೋಡಿದೆ. ಇತ್ತು, ಆದರೆ ನನ್ನ ಗಾತ್ರಕ್ಕೆ ಸಾಲದು.

"ಹಾಗಾದ್ರೆ ಬರೆದವ್ರಿಗೆ ಏನು ಬೇಕು?"

ಅಷ್ಟು ಮಕ್ಕಳಲ್ಲಿ ಒಂದು ಕುತ್ತಿಗೆಯೂ ನನ್ನ ಕಡೆ ತಿರುಗಲಿಲ್ಲ. ತಿರುಗದಿರಲು ಎಲ್ಲರೂ ಪಡುತ್ತಿದ್ದ ಕಷ್ಟ ಹಿಂದಿನಿಂದ ನನಗೆ ಚೆನ್ನಾಗಿ ಕಾಣುತ್ತಿತ್ತು. ಕೊನೆಗೆ ಅದೇ ಹುಡುಗಿ ಮೆಲ್ಲಗೆ ಹೇಳಿದಳು: "ಮಕ್ಕಳು ಅವ್ರ ಕ್ಲಾಸಲ್ಲೂ ಹೀಗೇ ಮಾತಾಡ್ಬೇಕು ಅಂತ ಆಸೆ ಇರ್ಬೇಕು ಟೀಚರ್. ಪಾಪ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆ 'ಪಾಪ' ಮಾತ್ರ ನೇರ ಒಳಗಿಳಿಯಿತು. ಆಗಲೂ ನನ್ನ ಬುದ್ಧಿ ನೋಡಿ: ಇದೇ ಹುಡುಗಿ ಮಂಗಳವಾರ ನನ್ನ ಭೂಗೋಳದಲ್ಲಿ ಬಾಯಿಗೆ ಹೊಲಿಗೆ ಹಾಕಿಕೊಂಡು ಕೂರುತ್ತಾಳಲ್ಲ, ಇವರ ಮುಂದೆ ಮಾತ್ರ ಹೇಗೆ ಅರಳುತ್ತಾಳೆ ಎಂದು ಹೊಸದಾಗಿ ಉರಿದುಕೊಂಡೆ.

ಬೆಲ್ ಆದ ಮೇಲೆ ಹೆಡ್‌ಮಾಸ್ಟರ ರೂಮಿಗೆ ಹೋದೆ. 'ಗಲಾಟೆ ನಿಜ' ಎನ್ನುವ ಎರಡು ಮಾತು ನಾಲಿಗೆಯ ತುದಿಯಲ್ಲೇ ಇತ್ತು.

"ಏನ್ರೀ, ಗಲಾಟೆ ನಿಜವಾ?"

"ಸದ್ದು ಇದೆ ಸಾರ್. ಗಲಾಟೆ ಅಲ್ಲ, ಪಾಠ. ನಿಲ್ಲಿಸ್ಬೇಡಿ."

"ಮತ್ತೆ ಆ ರೈಟರು?"

"ಅಂಥ ರೈಟರು ಯಾರೂ ಇಲ್ಲ ಸಾರ್. ಬರೆದದ್ದು ನಾನೇ."

ಹೆಡ್‌ಮಾಸ್ಟರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ನನ್ನನ್ನು ನೋಡಿದರು. "ಹದಿನಾಲ್ಕು ಸಾಲು ಹೊಗಳ್ಕೊಂಡಿದ್ದೀರಲ್ರೀ! ಕೈ ನೋಯ್ಲಿಲ್ವಾ? ಹೋಗಿ, ಕ್ಲಾಸಿಗೆ ಹೋಗಿ."

ಸಂಜೆ ಟೀಚರ್ ರಸ್ತೆ ಬದಿಯಲ್ಲಿ ಬಸ್ಸಿಗೆ ಕಾಯುತ್ತಿದ್ದರು. ಮೂರು ಸಲ ಅವರ ಮುಂದೆಯೇ ಅತ್ತಿಂದಿತ್ತ ನಡೆದು, ನಾಲ್ಕನೇ ಸಲ ನಿಂತು, "ಟೀಚರ್, ಆ ಕಾಗದ…" ಎಂದೆ.

ಅವರು ಚೀಲವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿಕೊಂಡರು.

"ಕಾಗದ ಒಳ್ಳೇದೇ ಇತ್ತು ಮೇಷ್ಟ್ರೇ. ಆದ್ರೆ ನಮ್ಮ ಮಕ್ಕಳಿಗೆ ತುಂಬಾ ಸುಲಭ ಆಯ್ತು. ಬರೋ ಗುರುವಾರಕ್ಕೆ ಇನ್ನೊಂದು ಬರ್ದು ಕೊಡಿ. ಸ್ವಲ್ಪ ಕಷ್ಟದ್ದು ಇರ್ಲಿ."