ನಾವು ಕಿವಿಯಲ್ಲೇ ನೋಡಿದ ಧಾರಾವಾಹಿ

ಆ ನಗೆ ಧಾರಾವಾಹಿಯನ್ನು ನಾನೂ ನನ್ನ ಯಜಮಾನರೂ ವರ್ಷಗಟ್ಟಲೆ ಕೇಳಿದ್ದೇವೆ, ಒಂದು ದಿನವೂ ನೋಡಿರಲಿಲ್ಲ. ಅದು ಟಿ.ವಿ.ಯಲ್ಲಿ ಬರುವ ಹೊತ್ತಿಗೇ ರೇಷ್ಮೆ ಹುಳುವಿಗೆ ಸಂಜೆಯ ಸೊಪ್ಪು ಹಾಕಬೇಕು. ಕೈಕಾಲು ತೊಳೆದು ಹುಳು ಮನೆಗೆ ಹೋದವರು ಕೆಲಸ ಮುಗಿಯುವ ತನಕ ಹೊರಗೆ ಹೋಗಿ ಬಂದು ಮಾಡುವಂತಿಲ್ಲ, ಹುಳುವಿಗೆ ರೋಗ ತಗಲುತ್ತದೆ. ಹುಳು ಇಲ್ಲದ ದಿನಗಳಲ್ಲಿ ಹಸು ಕರೆಯುವ ಹೊತ್ತೂ ಅದೇ. ಹಜಾರದಲ್ಲಿ ನಮ್ಮ ಅತ್ತೆ ಮಕ್ಕಳನ್ನು ಕೂರಿಸಿಕೊಂಡು ಟಿ.ವಿ. ಜೋರಾಗಿ ಇಡುತ್ತಿದ್ದರು. ಗೋಡೆಯ ಈಚೆ ನಾವಿಬ್ಬರು ಸೊಪ್ಪು ಹರಡುತ್ತಾ ನಗುತ್ತಿದ್ದೆವು.

ಅದರಲ್ಲಿ ಒಬ್ಬ ಮುದುಕ ಮಾವ. ಸೊಸೆ ಏನು ಕೇಳಿದರೂ ಮೊದಲು ಕೆಮ್ಮಿ, ಆಮೇಲೆ ಸುಳ್ಳು ಹೇಳುವವನು. ಆ ಕೆಮ್ಮು ಕೇಳಿಸಿದರೆ ಸಾಕು, ಯಜಮಾನರ ಕೈ ಸೊಪ್ಪಿನ ಮೇಲೆ ಹಾಗೇ ನಿಲ್ಲುತ್ತಿತ್ತು. ನನ್ನ ಮನಸ್ಸಿನಲ್ಲಿ ಆತ ದಪ್ಪ ಮೀಸೆಯ, ಹೊಟ್ಟೆ ಬಂದ ಆಸಾಮಿ.

ಹೋದ ವರ್ಷ ಸಕ್ಕರೆ ಕಾಯಿಲೆ ಯಜಮಾನರ ಎರಡೂ ಕಣ್ಣು ತೆಗೆಯಿತು. ಕನಕಪುರ, ರಾಮನಗರದ ಆಸ್ಪತ್ರೆ ಎಲ್ಲ ಸುತ್ತಿದೆವು. ದೃಷ್ಟಿ ಇನ್ನು ಬರುವುದಿಲ್ಲ ಎಂದರು. ಅಂದಿನಿಂದ ಅವರು ಮೂಲೆಯ ಮಂಚ ಹಿಡಿದರು. ನಮ್ಮ ಜೊತೆ ಉಣ್ಣಲು ಕೂರರು. ಮಗ ಗಡ್ಡ ಬೋಳಿಸಲು ಹೋದರೆ ಮುಖ ತಿರುಗಿಸುವರು. ಈ ಮನುಷ್ಯ ಹೀಗೇ ಮಾತು ಬಿಟ್ಟು ನಮ್ಮ ಕೈ ತಪ್ಪಿ ಹೋಗುತ್ತಾರೆ ಎಂಬುದೊಂದೇ ನನ್ನ ಭಯ.

ಹಾಗಿರುವಾಗ ನಾಲ್ಕನೇ ಕ್ಲಾಸಿನ ಮೊಮ್ಮಗಳು ಸುದ್ದಿ ತಂದಳು. ಆ ಹಳೇ ಧಾರಾವಾಹಿ ಮತ್ತೆ ಮುಂದುವರಿಯುತ್ತದಂತೆ. ಅದೇ ಮನೆ, ಆಗಿನ ಮಕ್ಕಳು ಬೆಳೆದು ಈಗ ಅವರ ಸಂಸಾರದ ಕತೆ. ಶುರುವಾದ ದಿನ ಹುಳು ಮನೆಯನ್ನು ಮಗ ಸೊಸೆಗೆ ಬಿಟ್ಟು, ಯಜಮಾನರನ್ನು ಬಲವಂತವಾಗಿ ಕೈ ಹಿಡಿದು ತಂದು ಹಜಾರದಲ್ಲಿ ಕೂರಿಸಿದೆ. ಅವರು ತಲೆ ಓರೆ ಮಾಡಿ ಆ ಕೆಮ್ಮಿಗೆ ಕಾದರು.

"ಆ ಮುದುಕ ಎಲ್ಲವ್ನಮ್ಮೀ?"

"ಒಸಿ ಇರಿ, ಬತ್ತಾನೆ. ಈಗಿನ್ನೂ ಶುರುವಾಗೈತೆ."

ನಾನು ಬೇಕೆಂದು ಸುಳ್ಳು ಹೇಳಿದ್ದಲ್ಲ. ಟಿ.ವಿ.ಯ ಆ ಮನೆಯ ಗೋಡೆಯ ಮೇಲೆ ಹಾರ ಹಾಕಿದ ಪಟವೊಂದಿತ್ತು. ಮೀಸೆಯಿಲ್ಲದ ಬಡಕಲು ಮುಖ. ಯಾರೋ ಅಂದುಕೊಂಡಿದ್ದೆ. ಅಷ್ಟರಲ್ಲಿ ಆ ಮನೆಯ ಸೊಸೆ, ಈಗ ತಲೆ ನರೆತವಳು, ಆ ಪಟದ ಮುಂದೆ ನಿಂತು, "ನೋಡಿದ್ರಾ ಮಾವ, ನಿಮ್ಮ ಮೊಮ್ಮಗನ ಆಟ" ಎಂದಳು. ಹಾಗಾದರೆ ನಮ್ಮ ಮುದುಕ ಮಾವ ಇವನೇ.

"ಮಾವ ಅಂದ್ಲು," ಯಜಮಾನರು ಅಂದರು. "ಅವ್ನು ಕೆಮ್ಮಲಿಲ್ವಲ್ಲ."

ನನಗಿಂತ ಮೊದಲು ಮೊಮ್ಮಗಳೇ ಹೇಳಿದಳು, "ಸತ್ತೋಗವ್ನೆ ತಾತ. ಪಟ ನೇತಾಕವ್ರೆ."

ಅವಳ ತೊಡೆ ಚಿವುಟಿದೆ. "ಯಾಕಜ್ಜಿ ಚಿವುಟ್ತೀಯ?" ಎಂದು ಮನೆಗೆಲ್ಲ ಕೇಳುವಂತೆ ಕೇಳಿದಳು.

ಟಿ.ವಿ.ಯಲ್ಲಿ ಯಾರೋ ಗೊಳ್ಳೆಂದು ನಗುತ್ತಿದ್ದರು. ಯಜಮಾನರು ಮತ್ತೆ ಮಂಚಕ್ಕೇ ಹೋಗುತ್ತಾರೆ, ಇನ್ನು ಏಳಿಸಲಾರೆ ಎಂದುಕೊಂಡೆ.

"ಹಾರ ಹಾಕವ್ರಾ?"

"ಹೂಂ ತಾತ, ಪ್ಲಾಸ್ಟಿಕ್ಕಿಂದು. ಸೊಟ್ಟಕ್ಕೈತೆ. ಒಂದ್ ಕಣ್ಣು ಮುಚ್ಚೋಗೈತೆ."

"ನಂಗಿಂತ ವಾಸಿ ಬುಡು. ಅವ್ನಿಗೆ ಇನ್ನೊಂದಾದ್ರೂ ಐತೆ."

ಹೇಳಿ ನಕ್ಕುಬಿಟ್ಟರು. ವರ್ಷದಿಂದ ಕೇಳದಿದ್ದ ನಗು. ನಗುತ್ತಾ ನಗುತ್ತಾ ಅದು ಅಳುವಾಯಿತು. ಪಂಚೆಯ ಅಂಚಿನಿಂದ ಮುಖ ಒರೆಸಿಕೊಂಡು ಅವಳ ಕಡೆ ತಿರುಗಿದರು.

"ನಾನೆಂಗಿದ್ದೀನವ್ವಾ ಈಗ? ನಿಮ್ಮಜ್ಜಿ ನಿಜ ಯೋಳಕಿಲ್ಲ."

"ಗಡ್ಡ ಬುಟ್ಕಂಡು ಕಳ್ಳನಂಗಿದ್ದೀಯ."

"ಹಂಗಾದ್ರೆ ನಾಳೆ ಬೋಳಿಸು ಅನ್ನು ನಿಮ್ಮಪ್ಪಂಗೆ."

ಆ ಹುಡುಗಿಯನ್ನು ಎಳೆದುಕೊಂಡು ಎಷ್ಟು ಮುತ್ತು ಕೊಟ್ಟೆನೋ. ಉಸಿರು ಕಟ್ಟುತ್ತೆ ಬುಡಜ್ಜಿ ಅಂದಳು. ಈಗ ಬರೆಯುವಾಗಲೂ ನನಗೆ ಸಂತೋಷ ತಡೆಯಲಾಗುತ್ತಿಲ್ಲ.

ಕಣ್ಣಿನ ಕತ್ತಲೆ ಹಾಗೇ ಇದೆ, ಅದು ಹೋಗುವುದಲ್ಲ. ಈಗಲೂ ಕೆಲವು ದಿನ ಅವರು ಗೋಡೆಯ ಕಡೆ ಮುಖ ಮಾಡಿ ಮಲಗಿದರೆ ಏಳುವುದೇ ಇಲ್ಲ. ನಾನು ಕಾಲ ಬಳಿ ಸುಮ್ಮನೆ ಕೂತಿರುತ್ತೇನೆ. ಆದರೆ ಆ ಸಂಜೆ ನಮ್ಮ ಸಾಲಿನಲ್ಲೇ ಕೂತು, ತಟ್ಟೇಲಿ ಯಾವುದು ಎಲ್ಲೈತೆ ಯೋಳವ್ವ ಎಂದು ಅವಳನ್ನು ಕೇಳಿ ಕೇಳಿ, ಮುದ್ದೆ ಮುರಿದು ಉಂಡರು.